ಹೊಸ ಚಾಲಕನ ಕೈಗೆ ಕಾರಿನ ಕೀಲಿ ಕೊಡುವ ಮುನ್ನ

ನಮ್ಮ ವ್ಯಾಪಾರಿ ಕುಟುಂಬಗಳಲ್ಲಿ ಮಗನಿಗೋ ಮಗಳಿಗೋ ಹದಿನೆಂಟು ತುಂಬಿತೆಂದರೆ ಎರಡು ಕೆಲಸಗಳು ತಪ್ಪದೆ ನಡೆಯುತ್ತವೆ. ಒಂದು, ಬ್ಯಾಂಕಿನಲ್ಲಿ ಅವರದೇ ಆದ ಖಾತೆ ತೆರೆಯುವುದು. ಇನ್ನೊಂದು, ಆರ್.ಟಿ.ಓ. ಕಚೇರಿಗೆ ಹೋಗಿ ಎಲ್.ಎಲ್.ಆರ್. ಮಾಡಿಸುವುದು. ಖಾತೆಯ ವಿಷಯದಲ್ಲಿ ಹಿರಿಯರು ನೂರು ಪ್ರಶ್ನೆ ಕೇಳುತ್ತಾರೆ. ಚೆಕ್ಕಿಗೆ ಯಾರ ಸಹಿ, ಎಷ್ಟು ಮಿತಿ, ನಾಮಿನಿ ಯಾರು ಎಂದೆಲ್ಲ ವಿಚಾರಿಸುತ್ತಾರೆ. ಕಾರಿನ ವಿಷಯದಲ್ಲಿ ಮಾತ್ರ ಒಂದೇ ಪ್ರಶ್ನೆ: “ಇನ್ಶೂರನ್ಸ್ ಇದೆಯಲ್ಲ?” ಇದೆ ಎಂಬ ಉತ್ತರ ಬಂದೊಡನೆ ಕೀಲಿ ಕೈ ಬದಲಾಗುತ್ತದೆ. ಯಾವ ವಿಮೆ, ಯಾರ ಹೆಸರಿಗೆ, ಯಾವುದಕ್ಕೆ ಎಂಬುದನ್ನು ಕೇಳುವವರು ವಿರಳ.

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಕಡತ ಹಿಡಿದು ಕಚೇರಿಗೆ ಬಂದರು. ಅವರದು ಸಗಟು ಕಿರಾಣಿ ವ್ಯಾಪಾರ. ಅಣ್ಣ ತಮ್ಮ ಇಬ್ಬರೇ ಪಾಲುದಾರರು. ಕಾರು ಸಂಸ್ಥೆಯ ಹೆಸರಿನಲ್ಲಿತ್ತು. ಅಣ್ಣನ ಮಗ ಲೈಸೆನ್ಸ್ ಪಡೆದು ನಾಲ್ಕು ತಿಂಗಳಾಗಿತ್ತು. ಮೂವರು ಗೆಳೆಯರನ್ನು ಕೂರಿಸಿಕೊಂಡು ಹೋಗುವಾಗ ಕಾರು ರಸ್ತೆ ವಿಭಜಕಕ್ಕೆ ಅಪ್ಪಳಿಸಿ, ಒಬ್ಬ ಗೆಳೆಯನ ಕಾಲಿಗೆ ಎರಡು ಶಸ್ತ್ರಚಿಕಿತ್ಸೆಗಳಾದವು. “ಸಾಹೇಬರೆ, ಪಾಲಿಸಿ ಚಾಲ್ತಿಯಲ್ಲಿದೆ, ಮತ್ತೇಕೆ ವಿಮಾ ಕಂಪನಿಯವರು ಆಗುವುದಿಲ್ಲ ಅನ್ನುತ್ತಿದ್ದಾರೆ?” ಎಂಬುದು ಅವರ ಪ್ರಶ್ನೆ. ಪಾಲಿಸಿ ತೆರೆದು ನೋಡಿದೆ. ಅದು ಕೇವಲ ಥರ್ಡ್ ಪಾರ್ಟಿ ಪಾಲಿಸಿ. ಕಾರು ಹಳೆಯದಾಯಿತೆಂದು ಹಿಂದಿನ ವರ್ಷದ ನವೀಕರಣದಲ್ಲಿ ಖರ್ಚು ಕಡಿಮೆ ಮಾಡಲು ಹಾಗೆ ಬದಲಾಯಿಸಿದ್ದರು. ಕಾರಿನೊಳಗೆ ಕುಳಿತ ಗೆಳೆಯರಿಗೆ ಅದರಲ್ಲಿ ರಕ್ಷಣೆ ಇರಲಿಲ್ಲ. ಸಂಸ್ಥೆಯ ಪುಸ್ತಕದಲ್ಲಿ ಆ ಕಂತಿನ ವೋಚರಿಗೆ ಟಿಕ್ ಹಾಕಿದವನು ನಾನೇ. ಮೊತ್ತ ಸರಿಯಿದೆಯೇ ಎಂದು ನೋಡಿದ್ದೆನೇ ಹೊರತು ಪಾಲಿಸಿಯನ್ನು ಓದಿರಲಿಲ್ಲ.

ಈ ಲೇಖನಕ್ಕೆ ಆ ಪ್ರಸಂಗವೇ ಪ್ರೇರಣೆ. ಮನೆಯಲ್ಲಿ ಹೊಸದಾಗಿ ಕಾರು ನಡೆಸಲು ಕಲಿತವರಿರುವ ಸದಸ್ಯ ಬಾಂಧವರು ಈ ಬಾರಿಯ ನವೀಕರಣಕ್ಕೆ ಮೊದಲು ಕೆಳಗಿನ ಅಂಶಗಳತ್ತ ಗಮನ ಹರಿಸಬೇಕೆಂದು ಕೋರುತ್ತೇನೆ.

ಪ್ರೀಮಿಯಂ ಚಾಲಕನ ವಯಸ್ಸನ್ನು ಕೇಳುವುದಿಲ್ಲ

ಬ್ರಿಟನ್, ಅಮೆರಿಕದಂತಹ ದೇಶಗಳಲ್ಲಿ ಹೊಸ ಚಾಲಕನ ಹೆಸರನ್ನು ಪಾಲಿಸಿಗೆ ಸೇರಿಸಿದೊಡನೆ ವಿಮಾ ಕಂತು ಗಣನೀಯವಾಗಿ ಏರುತ್ತದೆ. ವಯಸ್ಸು, ಅನುಭವ, ಹಿಂದಿನ ಅಪಘಾತಗಳೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಮನೆಯವರಿಗೆ ಅಪಾಯದ ಅರಿವು ಬಿಲ್ಲಿನ ರೂಪದಲ್ಲಿಯೇ ಆಗುತ್ತದೆ.

ನಮ್ಮಲ್ಲಿ ಪದ್ಧತಿ ಬೇರೆ. ಥರ್ಡ್ ಪಾರ್ಟಿ ಕಂತು ಖಾಸಗಿ ಕಾರುಗಳಿಗೆ ಎಂಜಿನ್ನಿನ ಸಾಮರ್ಥ್ಯವನ್ನು ಅವಲಂಬಿಸಿ ಸರ್ಕಾರದಿಂದ ನಿಗದಿಯಾಗುತ್ತದೆ. ಕಾರಿನ ಸ್ವಂತ ಹಾನಿಯ ಭಾಗದ ಕಂತು 2007ರ ಜನವರಿ 1ರವರೆಗೆ ಏಕರೂಪದ ದರಪಟ್ಟಿಗೆ ಒಳಪಟ್ಟಿತ್ತು, ಅನಂತರ ಮುಕ್ತವಾಯಿತು. ಆದರೂ ಇಂದಿಗೂ ಅದು ಮುಖ್ಯವಾಗಿ ಕಾರಿನ ಮೌಲ್ಯ, ಎಂಜಿನ್ ಸಾಮರ್ಥ್ಯ, ಕಾರಿನ ವಯಸ್ಸು ಮತ್ತು ನೋಂದಣಿಯಾದ ಊರನ್ನು ಆಧರಿಸಿರುತ್ತದೆ. ಹಳೆಯ ದರಪಟ್ಟಿಯಲ್ಲಿ ಬೆಂಗಳೂರು ‘ಎ’ ವಲಯದಲ್ಲಿಯೂ, ರಾಜ್ಯದ ಉಳಿದ ಊರುಗಳು ‘ಬಿ’ ವಲಯದಲ್ಲಿಯೂ ಇದ್ದವು. ಸ್ಟಿಯರಿಂಗ್ ಹಿಡಿಯುವವರು ಮೂವತ್ತು ವರ್ಷಗಳ ಅನುಭವಿಯೋ ನಿನ್ನೆ ಲೈಸೆನ್ಸ್ ಪಡೆದವರೋ ಎಂಬುದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಇದು ಮೇಲ್ನೋಟಕ್ಕೆ ಅನುಕೂಲವೆನಿಸಿದರೂ ಇದರಲ್ಲಿ ಒಂದು ತೊಡಕಿದೆ. ಮನೆಯಲ್ಲಿ ಅಪಾಯ ಹೆಚ್ಚಿದೆ, ಬಿಲ್ಲು ಮಾತ್ರ ಹಾಗೆಯೇ ಇದೆ. ಬಿಲ್ಲು ಎಚ್ಚರಿಸದಿದ್ದ ಮೇಲೆ ಆ ಎಚ್ಚರಿಕೆಯನ್ನು ನಾವೇ ವಹಿಸಬೇಕಾಗುತ್ತದೆ. ಪಾಲಿಸಿಯನ್ನು ಕಂತಿನ ಮೊತ್ತ ನೋಡಿ ಆರಿಸದೆ, ಕಾರನ್ನು ಯಾರು, ಯಾವ ಕೆಲಸಕ್ಕೆ, ಯಾರನ್ನು ಕೂರಿಸಿಕೊಂಡು ನಡೆಸುತ್ತಾರೆ ಎಂಬುದನ್ನು ನೋಡಿ ಆರಿಸಬೇಕು. ಈ ಲೇಖನದ ಸಾರಾಂಶ ಇಷ್ಟೇ.

ಕಡ್ಡಾಯವಾದುದು ಎಷ್ಟು, ಅಗತ್ಯವಾದುದು ಎಷ್ಟು?

1988ರ ಮೋಟಾರು ವಾಹನ ಅಧಿನಿಯಮದ 146ನೆಯ ಪ್ರಕರಣದಂತೆ ಥರ್ಡ್ ಪಾರ್ಟಿ ವಿಮೆಯಿಲ್ಲದೆ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವಂತಿಲ್ಲ. ತಪ್ಪಿದರೆ ಮೊದಲ ಬಾರಿಗೆ 2,000 ರೂ., ಮತ್ತೊಮ್ಮೆ ಸಿಕ್ಕಿಬಿದ್ದರೆ 4,000 ರೂ. ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಉಂಟು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಈ ವಿಮೆಯ ವಾರ್ಷಿಕ ಕಂತು 1,000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ 2,094 ರೂ., 1,000ದಿಂದ 1,500 ಸಿ.ಸಿ.ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟರೆ 7,897 ರೂ. ಎಂದಿದೆ. ಜಿ.ಎಸ್.ಟಿ. ಪ್ರತ್ಯೇಕ. ಈ ಭಾಗದ ದರ ಎಲ್ಲ ಕಂಪನಿಗಳಲ್ಲಿಯೂ ಒಂದೇ ಆದುದರಿಂದ ಇದರಲ್ಲಿ ಚೌಕಾಶಿಗೆ ಆಸ್ಪದವಿಲ್ಲ.

ಈ ವಿಮೆಯಲ್ಲಿ ಹೊರಗಿನ ವ್ಯಕ್ತಿಯ ಸಾವು ಅಥವಾ ಗಾಯಕ್ಕೆ ಪರಿಹಾರದ ಮಿತಿಯಿಲ್ಲ. ನ್ಯಾಯಮಂಡಳಿ ನಿಗದಿಪಡಿಸಿದ ಮೊತ್ತವನ್ನು ಕಂಪನಿ ತುಂಬುತ್ತದೆ. ಹೊರಗಿನವರ ಆಸ್ತಿಗಾದ ಹಾನಿಗೆ ಖಾಸಗಿ ಕಾರುಗಳಲ್ಲಿ 7.5 ಲಕ್ಷ ರೂ. ಮಿತಿ ಇದೆ. ಕಂತಿನಲ್ಲಿ ಅಲ್ಪ ರಿಯಾಯಿತಿಗಾಗಿ ಈ ಮಿತಿಯನ್ನು 6,000 ರೂ.ಗೆ ಇಳಿಸಿಕೊಳ್ಳುವ ಅವಕಾಶ ಹಳೆಯ ದರಪಟ್ಟಿಯಿಂದಲೇ ಬಂದಿದೆ. ಹೊಸ ಚಾಲಕರಿರುವ ಮನೆಯವರು ಅದರ ಗೊಡವೆಗೆ ಹೋಗಬಾರದು. ಇಂದಿನ ಕಾರೊಂದರ ಮುಂದೀಪವೇ ಅಷ್ಟಕ್ಕೆ ದೊರೆಯದು.

ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವ ಪಾಲಿಸಿಗೂ ಪ್ಯಾಕೇಜ್ ಅಥವಾ ಸಮಗ್ರ ಪಾಲಿಸಿಗೂ ಇರುವ ವ್ಯತ್ಯಾಸ ಕಾರಿನ ರಿಪೇರಿಗೆ ಮಾತ್ರ ಸಂಬಂಧಿಸಿದ್ದೆಂದು ಬಹುತೇಕರು ತಿಳಿದಿದ್ದಾರೆ. ಅದು ಅರ್ಧ ಸತ್ಯ. ಪ್ಯಾಕೇಜ್ ಪಾಲಿಸಿಯ ಹೊಣೆಗಾರಿಕೆಯ ಭಾಗದಲ್ಲಿ ಬಾಡಿಗೆಗಲ್ಲದೆ ಕಾರಿನಲ್ಲಿ ಕುಳಿತ ಪ್ರಯಾಣಿಕರೂ ಸೇರುತ್ತಾರೆ. ಕಾನೂನಿನ ಕನಿಷ್ಠ ಅಗತ್ಯವನ್ನಷ್ಟೇ ಪೂರೈಸುವ ‘ಆಕ್ಟ್’ ಪಾಲಿಸಿಯಲ್ಲಿ ಅವರು ಸೇರುವುದಿಲ್ಲ. 2009ರ ನವೆಂಬರಿನಲ್ಲಿ ವಿಮಾ ಪ್ರಾಧಿಕಾರವು ಸುತ್ತೋಲೆಯ ಮೂಲಕ ಇದನ್ನು ಸ್ಪಷ್ಟಪಡಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಸಹ ಇದೇ ವ್ಯತ್ಯಾಸವನ್ನು ಎತ್ತಿಹಿಡಿಯಿತು. ಎಳೆಯ ಚಾಲಕರು ಒಂಟಿಯಾಗಿ ಕಾರು ನಡೆಸುವುದು ಅಪರೂಪ. ಹಿಂದಿನ ಸೀಟು ಗೆಳೆಯರಿಂದ ತುಂಬಿರುತ್ತದೆ. ಕಾರು ಎಷ್ಟೇ ಹಳೆಯದಾಗಿರಲಿ, ಹೊಸ ಚಾಲಕರಿರುವ ಮನೆಗೆ ಪ್ಯಾಕೇಜ್ ಪಾಲಿಸಿಯೇ ಯೋಗ್ಯವೆಂದು ನಾನು ಹೇಳುವುದು ಈ ಕಾರಣದಿಂದ.

ಹೊಣೆಯ ಗಾತ್ರ ಎಷ್ಟು?

ಅಂಕಿಗಳಿಲ್ಲದೆ ನಮ್ಮಂಥವರಿಗೆ ಯಾವುದೂ ಮನದಟ್ಟಾಗುವುದಿಲ್ಲ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೂವತ್ತು ವರ್ಷದ, ತಿಂಗಳಿಗೆ 30,000 ರೂ. ಗಳಿಸುವ ಸ್ವಂತ ಉದ್ಯೋಗಿಯೊಬ್ಬರು ಅಪಘಾತದಲ್ಲಿ ಮೃತರಾದರೆಂದು ಭಾವಿಸಿ. ಪತ್ನಿ, ಇಬ್ಬರು ಮಕ್ಕಳು ಹಾಗೂ ತಾಯಿ ಅವರ ಅವಲಂಬಿತರು. ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ ಪರಿಹಾರದ ಲೆಕ್ಕ ಹೀಗೆ ಸಾಗುತ್ತದೆ:

ವಾರ್ಷಿಕ ಆದಾಯ 3,60,000 ರೂ.
ಭವಿಷ್ಯದ ಆದಾಯವೃದ್ಧಿಗೆ ಶೇ. 40 ಸೇರಿಸಿದರೆ 5,04,000 ರೂ.
ಮೃತರ ಸ್ವಂತ ಖರ್ಚಿಗೆಂದು ನಾಲ್ಕನೆಯ ಒಂದು ಭಾಗ ಕಳೆದರೆ 3,78,000 ರೂ.
ಈ ವಯಸ್ಸಿಗೆ ಅನ್ವಯಿಸುವ ಗುಣಕ 17ರಿಂದ ಗುಣಿಸಿದರೆ 64,26,000 ರೂ.

ಅಂತ್ಯಕ್ರಿಯೆ, ದಾಂಪತ್ಯ ಸುಖದ ನಷ್ಟ ಮುಂತಾದ ಬಾಬುಗಳು ಮತ್ತು ಬಡ್ಡಿ ಇದಕ್ಕೆ ಸೇರುತ್ತವೆ. ವಿಮೆ ಇಲ್ಲದಿದ್ದರೆ ಅಥವಾ ಪಾಲಿಸಿಯ ಷರತ್ತು ಮುರಿದಿದ್ದರೆ ಈ ಹೊರೆ ಕಾರಿನ ಮಾಲೀಕರ ಮೇಲೆ ಬರುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ರೂಪಾಯಿಯ ಉಳಿತಾಯದ ಎದುರಿಗೆ ಅರವತ್ನಾಲ್ಕು ಲಕ್ಷದ ಹೊಣೆ! ವ್ಯಾಪಾರದಲ್ಲಿ ಇಂಥ ವಹಿವಾಟನ್ನು ನಾವು ಯಾರೂ ಒಪ್ಪುವುದಿಲ್ಲ.

ಲೈಸೆನ್ಸ್ ಮತ್ತು ಷರತ್ತುಗಳು

ಪಾಲಿಸಿಯ ಚಾಲಕನ ಷರತ್ತು ಸರಳವಾಗಿದೆ. ಅಪಘಾತದ ಸಮಯದಲ್ಲಿ ಕಾರು ನಡೆಸುತ್ತಿದ್ದವರು ಚಾಲ್ತಿಯಲ್ಲಿರುವ ಲೈಸೆನ್ಸ್ ಹೊಂದಿರಬೇಕು. ಎಲ್.ಎಲ್.ಆರ್. ಇದ್ದವರೂ ನಡೆಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೆಯ ನಿಯಮವನ್ನು ಪಾಲಿಸಿರಬೇಕು. ಎಂದರೆ ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಉಳ್ಳವರು ವಾಹನವನ್ನು ನಿಯಂತ್ರಿಸುವಂತೆ ಕುಳಿತಿರಬೇಕು. ಕಾರಿನ ಮುಂದೆ ಹಿಂದೆ ಬಿಳಿಯ ಹಿನ್ನೆಲೆಯ ಮೇಲೆ ಕೆಂಪಕ್ಷರದ ‘ಎಲ್’ ಫಲಕವಿರಬೇಕು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನವೆಂದು ಮಗನೊಬ್ಬನನ್ನೇ ಬಿಟ್ಟುಬಿಡುವ ತಂದೆಯಂದಿರು ಇದನ್ನು ನೆನಪಿಡಬೇಕು.

ಷರತ್ತು ಮುರಿದರೆ ಕಾರಿನ ರಿಪೇರಿಯ ಕ್ಲೇಮು ತಿರಸ್ಕೃತವಾಗುತ್ತದೆ. ಥರ್ಡ್ ಪಾರ್ಟಿಯ ವಿಷಯದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಪ್ರಸಿದ್ಧ ತೀರ್ಪಿನ ನಂತರ ನ್ಯಾಯಮಂಡಳಿಗಳು ಹಲವು ಸಂದರ್ಭಗಳಲ್ಲಿ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು, ಅನಂತರ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸುತ್ತವೆ. ಕಂಪನಿ ಹಣ ಕಟ್ಟಿತೆಂದು ನಿರಾಳವಾಗುವ ಹಾಗಿಲ್ಲ. ವಸೂಲಾತಿಯ ನೋಟಿಸು ಹಿಂದೆಯೇ ಬರುತ್ತದೆ. ಮದ್ಯ ಸೇವಿಸಿ ನಡೆಸಿದಾಗಲೂ ಸ್ವಂತ ಹಾನಿಯ ಪರಿಹಾರ ದೊರೆಯದು.

ಹದಿನೆಂಟು ತುಂಬದವರ ಕೈಗೆ ಕಾರು ಕೊಡುವುದಂತೂ ಸರ್ವಥಾ ಸಲ್ಲದು. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಪ್ರಕರಣದಂತೆ, ಬಾಲಕ ಎಸಗಿದ ವಾಹನ ಅಪರಾಧಕ್ಕೆ ಪೋಷಕರು ಅಥವಾ ಮಾಲೀಕರನ್ನು ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂ. ದಂಡ, ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಬಾಲಕನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ವ್ಯಾಪಾರಿಗಳು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಷರತ್ತು ಬಳಕೆಯ ಮಿತಿಗೆ ಸಂಬಂಧಿಸಿದ್ದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು ಹಾಗೂ ಮಾದರಿ ಅಥವಾ ಸ್ವಂತ ಸಾಮಾನು ಬಿಟ್ಟು ಬೇರೆ ಸರಕನ್ನು ಸಾಗಿಸುವುದು ರಕ್ಷಣೆಯಿಂದ ಹೊರಗಿವೆ. “ಹೇಗೂ ಆ ಕಡೆ ಹೊರಟಿದ್ದೀಯ, ಈ ನಾಲ್ಕು ಪೆಟ್ಟಿಗೆ ಅಂಗಡಿಗೆ ಮುಟ್ಟಿಸಿಬಿಡಪ್ಪ” ಎಂದು ಮಗನಿಗೆ ಹೇಳುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು.

ಕಾರು ನಡೆಸುವವರಿಗೇ ಏನಾದರೂ ಆದರೆ?

ಪಾಲಿಸಿಯಲ್ಲಿ ‘ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ’ ಎಂಬ ಬಾಬು ಇರುತ್ತದೆ. ಇದರ ಮೊತ್ತ 15 ಲಕ್ಷ ರೂ. ಇದರ ಹೆಸರಿನಲ್ಲಿಯೇ ಇದರ ಮಿತಿ ಅಡಗಿದೆ. ಷರತ್ತಿನಂತೆ ಇದು ದೊರೆಯುವುದು ಕಾರಿನ ನೋಂದಾಯಿತ ಮಾಲೀಕರೂ ಪಾಲಿಸಿದಾರರೂ ಆಗಿದ್ದು, ಲೈಸೆನ್ಸ್ ಹೊಂದಿದವರಿಗೆ. ತಂದೆಯ ಹೆಸರಿನ ಕಾರನ್ನು ಮಗಳು ನಡೆಸುತ್ತಿದ್ದರೆ ಆ 15 ಲಕ್ಷವನ್ನು ಆಕೆಯ ರಕ್ಷಣೆಯೆಂದು ಲೆಕ್ಕ ಹಿಡಿಯುವಂತಿಲ್ಲ. ಕಾರು ಸಂಸ್ಥೆ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಈ ಬಾಬೇ ಇರುವುದಿಲ್ಲ.

ಹಾಗಾದರೆ ತಾನೇ ತಪ್ಪು ಮಾಡಿ ಗಾಯಗೊಂಡ ಮಗ ಥರ್ಡ್ ಪಾರ್ಟಿಯಾಗಿ ಪರಿಹಾರ ಕೇಳಬಹುದಲ್ಲವೇ ಎಂದರೆ, ಅದೂ ಸಾಧ್ಯವಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ನಿರ್ಧರಿಸಿದ ಒಂದು ಪ್ರಕರಣ ನಮ್ಮ ರಾಜ್ಯದ ಇಳಕಲ್ ಭಾಗದ್ದು. ಪರಿಚಿತರಿಂದ ಮೋಟಾರ್ ಸೈಕಲ್ ಎರವಲು ಪಡೆದು ಊರಿಗೆ ಹೊರಟವರೊಬ್ಬರು ಎತ್ತಿನ ಗಾಡಿಗೆ ಡಿಕ್ಕಿ ಹೊಡೆದು ಮೃತರಾದರು. ವಾಹನವನ್ನು ಎರವಲು ಪಡೆದವರು ಮಾಲೀಕರ ಸ್ಥಾನದಲ್ಲಿಯೇ ನಿಲ್ಲುತ್ತಾರೆ. ಆದುದರಿಂದ ತಪ್ಪಿನ ಪ್ರಶ್ನೆಯಿಲ್ಲದೆ ಪರಿಹಾರ ಕೊಡುತ್ತಿದ್ದ ಅಂದಿನ 163ಎ ಪ್ರಕರಣದಡಿ ಅದೇ ವಾಹನದ ವಿಮಾ ಕಂಪನಿಯಿಂದ ಅವರ ಕುಟುಂಬ ಪರಿಹಾರ ಕೇಳಲಾಗದು ಎಂಬುದು ನ್ಯಾಯಾಲಯದ ಅಭಿಪ್ರಾಯ. ತಂದೆಯ ಕಾರು ನಡೆಸುವ ಮಗನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಪರಿಹಾರ ದುಬಾರಿಯೇನಲ್ಲ. ಹೊಸ ಚಾಲಕರ ಹೆಸರಿನಲ್ಲಿ ಪ್ರತ್ಯೇಕವಾಗಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಬೇಕು. ಅದು ಅವರು ಯಾವ ವಾಹನದಲ್ಲಿದ್ದರೂ ಅನ್ವಯಿಸುತ್ತದೆ. ಸ್ವಂತ ಹೆಸರಿನಲ್ಲಿ ಕನಿಷ್ಠ 15 ಲಕ್ಷದ ಇಂಥ ಪಾಲಿಸಿ ಇರುವವರು ತಮ್ಮದೇ ಕಾರು ಕೊಂಡಾಗ ಮಾಲೀಕ-ಚಾಲಕರ ವಿಮೆಯನ್ನು ಮತ್ತೆ ಕೊಳ್ಳಬೇಕಾಗಿಲ್ಲ. ಕುಟುಂಬದ ಆರೋಗ್ಯ ವಿಮೆಯಲ್ಲಿ ಮಕ್ಕಳ ಹೆಸರು ಇನ್ನೂ ಉಳಿದಿದೆಯೇ ಎಂಬುದನ್ನೂ ಇದೇ ಸಂದರ್ಭದಲ್ಲಿ ನೋಡಿಕೊಳ್ಳಿ.

ಕಾರು ಯಾರ ಹೆಸರಿನಲ್ಲಿರಬೇಕು?

ನಮ್ಮ ಸದಸ್ಯರಲ್ಲಿ ಅನೇಕರು ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳುತ್ತಾರೆ. ಸವಕಳಿ, ಬಡ್ಡಿ, ವಿಮಾ ಕಂತುಗಳನ್ನು ವ್ಯಾಪಾರದ ಖರ್ಚಿಗೆ ಹಾಕುವುದು ಇದರ ಉದ್ದೇಶ. ಅದು ವ್ಯಾಪಾರಕ್ಕೆ ಬಳಸಿದ ಮಟ್ಟಿಗೆ ನ್ಯಾಯವೇ. ಆದರೆ ಜಿ.ಎಸ್.ಟಿ.ಯಲ್ಲಿ ಇಂತಹ ಕಾರಿನ ವಿಮಾ ಕಂತಿನ ಮೇಲಿನ ತೆರಿಗೆಗೆ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. 17(5)ನೆಯ ಪ್ರಕರಣ ಅದನ್ನು ತಡೆದಿದೆ. ಕಾರು ಮಕ್ಕಳ ಕಾಲೇಜಿಗೆ ಓಡಾಡುತ್ತಿದ್ದರೆ ಆದಾಯ ತೆರಿಗೆಯಲ್ಲಿಯೂ ವೈಯಕ್ತಿಕ ಬಳಕೆಯ ಭಾಗವನ್ನು ಅಧಿಕಾರಿಗಳು ಕಡಿತಗೊಳಿಸಬಹುದು.

ಹೊಣೆಯ ವಿಚಾರ ಇದಕ್ಕಿಂತ ಗಂಭೀರ. ಪಾಲುದಾರಿಕೆ ಸಂಸ್ಥೆಯ ಕಾರಿನಿಂದಾದ ಅಪಘಾತದಲ್ಲಿ ವಿಮೆ ತುಂಬದ ಹೊಣೆ ಸಂಸ್ಥೆಯ ಮೇಲೆ ಬಂದರೆ ಅದು ಎಲ್ಲ ಪಾಲುದಾರರ ಮೇಲೆ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬೀಳುತ್ತದೆ. ಏಕಮಾಲೀಕತ್ವದಲ್ಲಿ ಅಂಗಡಿಗೂ ಮನೆಗೂ ನಡುವೆ ಗೋಡೆಯೇ ಇಲ್ಲ. ಮೊದಲು ಹೇಳಿದ ಪ್ರಕರಣದಲ್ಲಿ ಗಾಯಗೊಂಡ ಹುಡುಗನ ಕುಟುಂಬದೊಂದಿಗೆ ಹಿರಿಯರ ಮಧ್ಯಸ್ಥಿಕೆಯಲ್ಲಿ ಒಪ್ಪಂದವಾಯಿತು. ಆದರೆ ಆ ಹಣವನ್ನು ಯಾರ ಖಾತೆಗೆ ಖರ್ಚು ಹಾಕಬೇಕು ಎಂಬ ಪ್ರಶ್ನೆ ಅಣ್ಣ ತಮ್ಮಂದಿರ ನಡುವೆ ಎರಡು ವರ್ಷ ಉಳಿಯಿತು. ಸಂಸ್ಥೆಯ ಖರ್ಚೆಂದು ಅಣ್ಣ. ಮಗನ ತಪ್ಪಿಗೆ ತನ್ನ ಪಾಲಿನ ಲಾಭವೇಕೆ ಕರಗಬೇಕೆಂದು ತಮ್ಮ. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಕೊನೆಗೆ ಅಣ್ಣನ ಬಂಡವಾಳ ಖಾತೆಗೆ ಖರ್ಚು ಹಾಕಿದೆವು. ಜಮಾ-ಖರ್ಚು ಸರಿಹೊಂದಿತು, ಮೊದಲಿನ ಸಲುಗೆ ಮರಳಲಿಲ್ಲ. ಮನೆಯ ಎಳೆಯರು ನಿತ್ಯ ಬಳಸುವ ಕಾರು ಆದಷ್ಟು ಮಟ್ಟಿಗೆ ತಂದೆ, ತಾಯಿ ಅಥವಾ ನಡೆಸುವವರ ಸ್ವಂತ ಹೆಸರಿನಲ್ಲಿರಲಿ ಎಂಬುದು ನನ್ನ ಸಲಹೆ.

ಸ್ವಂತ ಹಾನಿಯ ಲೆಕ್ಕ

ಕಾರಿನ ವಿಮಾ ಮೌಲ್ಯವನ್ನು ಐ.ಡಿ.ವಿ. ಎನ್ನುತ್ತಾರೆ. ಕಾರು ಕಳವಾದರೆ ಅಥವಾ ರಿಪೇರಿಯ ಖರ್ಚು ಈ ಮೌಲ್ಯದ ಶೇ. 75ನ್ನು ಮೀರಿದರೆ ಪರಿಹಾರ ದೊರೆಯುವುದು ಇದರ ಆಧಾರದ ಮೇಲೆ. ಕಂತು ಕಡಿಮೆ ತೋರಿಸಲು ಐ.ಡಿ.ವಿ.ಯನ್ನು ತಗ್ಗಿಸುವುದು ಮಾರಾಟದ ಒಂದು ತಂತ್ರ. ಎರಡು ಕಂಪನಿಗಳ ದರಗಳನ್ನು ಹೋಲಿಸುವಾಗ ಮೊದಲು ಐ.ಡಿ.ವಿ. ಒಂದೇ ಇದೆಯೇ ಎಂದು ನೋಡಬೇಕು.

ಹೊಸ ಚಾಲಕರಿಂದ ಆಗುವ ಹಾನಿ ಹೆಚ್ಚಾಗಿ ಬಂಪರ್, ಬಾಗಿಲು, ಕನ್ನಡಿಗಳಿಗೆ ಸಂಬಂಧಿಸಿದ್ದು. ಇಲ್ಲಿ ಸವಕಳಿಯ ನಿಯಮ ಮುಖ್ಯವಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಶೇ. 50 ಕಡಿತ, ಗಾಜಿಗೆ ಕಡಿತವಿಲ್ಲ, ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗನುಗುಣವಾಗಿ ಕಡಿತ. ನಾಲ್ಕೂವರೆ ವರ್ಷದ, 1,200 ಸಿ.ಸಿ.ಯ ಕಾರೊಂದರ ರಿಪೇರಿ ಬಿಲ್ಲು 60,000 ರೂ. ಆಯಿತೆನ್ನಿ. ಬಣ್ಣ ಮತ್ತು ತೆರಿಗೆಯ ವಿಚಾರವನ್ನು ಸರಳತೆಗಾಗಿ ಬಿಡೋಣ. ಪ್ಲಾಸ್ಟಿಕ್ ಭಾಗಗಳು 18,000, ಲೋಹದ ಭಾಗಗಳು 24,000, ಗಾಜು 6,000, ಕೂಲಿ 12,000 ರೂ. ಪ್ಲಾಸ್ಟಿಕ್ಕಿನಲ್ಲಿ 9,000, ಲೋಹದಲ್ಲಿ ಶೇ. 35ರಂತೆ 8,400, ಕಡ್ಡಾಯ ಕಡಿತ 1,000 ರೂ. ಕಳೆದರೆ ಕಂಪನಿಯಿಂದ ಬರುವುದು 41,600 ರೂ.; ಕೈಯಿಂದ ಹೋಗುವುದು 18,400 ರೂ. ‘ಶೂನ್ಯ ಸವಕಳಿ’ ಎಂಬ ಹೆಚ್ಚುವರಿ ರಕ್ಷಣೆ ಇದ್ದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ಸಾಮಾನ್ಯವಾಗಿ ಹೆಚ್ಚು ಹಳೆಯದಲ್ಲದ ಕಾರುಗಳಿಗೆ ಮಾತ್ರ ಇದು ದೊರೆಯುತ್ತದೆ. ವರ್ಷಕ್ಕೆ ಎಷ್ಟು ಕ್ಲೇಮು ಎಂಬ ಮಿತಿಯನ್ನೂ ಕೇಳಿ ತಿಳಿಯಬೇಕು. ಚಾಲನೆಯ ಮೊದಲ ಎರಡು ಮೂರು ವರ್ಷಗಳಲ್ಲಿ ಈ ಹೆಚ್ಚುವರಿ ಕಂತು ಸಾರ್ಥಕವೆಂದೇ ನನ್ನ ಎಣಿಕೆ.

ಎಂಜಿನ್ ರಕ್ಷಣೆಯ ಬಗ್ಗೆಯೂ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಭಾಗಗಳು ಜಲಾವೃತವಾದುದು ನೆನಪಿರಬಹುದು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಯತ್ನಿಸಿದರೆ ನೀರು ಒಳಹೊಕ್ಕು ಎಂಜಿನ್ ಹಾಳಾಗುತ್ತದೆ. ಅದನ್ನು ಪರಿಣಾಮಜನ್ಯ ಹಾನಿಯೆಂದು ಪರಿಗಣಿಸಿ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮನ್ನು ನಿರಾಕರಿಸುವುದುಂಟು. ಅನುಭವವಿಲ್ಲದವರು ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೇ ಕೀಲಿ ತಿರುಗಿಸುವುದು. ಇದಕ್ಕೆ ಪ್ರತ್ಯೇಕ ರಕ್ಷಣೆ ದೊರೆಯುತ್ತದೆ. ಆದರೆ ನೀರಿನಲ್ಲಿ ಕೀಲಿ ಮುಟ್ಟಬಾರದೆಂಬ ಬುದ್ಧಿಮಾತಿಗೆ ಕಂತಿಲ್ಲ.

ನೋ ಕ್ಲೇಮ್ ಬೋನಸ್: ಸಣ್ಣ ಕ್ಲೇಮಿನ ನಿಜವಾದ ಬೆಲೆ

ಕ್ಲೇಮು ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಕ್ರಮವಾಗಿ ಶೇ. 20, 25, 35, 45 ಮತ್ತು 50ರ ರಿಯಾಯಿತಿ ಇದೆ. ಒಂದು ಕ್ಲೇಮು ಆಯಿತೆಂದರೆ ಸಾಮಾನ್ಯವಾಗಿ ಶೂನ್ಯಕ್ಕೆ ಇಳಿದು ಮತ್ತೆ ಮೊದಲಿನಿಂದ ಏರಬೇಕು. ತಂದೆ ನಾಲ್ಕು ವರ್ಷ ಜೋಪಾನವಾಗಿ ಕಾರು ನಡೆಸಿ ಶೇ. 45 ತಲಪಿದ್ದಾರೆ, ಐದನೆಯ ವರ್ಷದಲ್ಲಿ ಮಗ ಗೇಟಿಗೆ ಉಜ್ಜಿದ. ರಿಯಾಯಿತಿಗೆ ಮುಂಚಿನ ಕಂತು ವರ್ಷಕ್ಕೆ 12,000 ರೂ. ಎಂದು ಸ್ಥಿರವಾಗಿ ಹಿಡಿದರೆ, ಮುಂದಿನ ವರ್ಷ ನಷ್ಟವಾಗುವ ರಿಯಾಯಿತಿ 6,000 ರೂ. ಅನಂತರದ ವರ್ಷಗಳಲ್ಲಿ 3,600, 3,000, 1,800 ಮತ್ತು 600 ರೂ. ಒಟ್ಟು 15,000 ರೂ. ಎಂಟು ಹತ್ತು ಸಾವಿರದ ಕ್ಲೇಮಿಗೆ ಓಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಸಣ್ಣಪುಟ್ಟ ಗೀರುಗಳನ್ನು ಕೈಯಿಂದಲೇ ಸರಿಪಡಿಸಿ, ವಿಮೆಯನ್ನು ದೊಡ್ಡ ಹಾನಿಗೆ ಮೀಸಲಿಡುವುದು ಲೇಸು.

ಬೋನಸ್ ವ್ಯಕ್ತಿಗೆ ಸೇರಿದ್ದು, ಕಾರಿಗಲ್ಲ. ತಂದೆ ಹಳೆಯ ಕಾರನ್ನು ಮಗನ ಹೆಸರಿಗೆ ವರ್ಗಾಯಿಸಿದರೆ ಬೋನಸ್ ಮಗನಿಗೆ ಬಾರದು. ತಂದೆ ಅದನ್ನು ತಮ್ಮ ಹೊಸ ಕಾರಿಗೆ ಮೂರು ವರ್ಷಗಳೊಳಗೆ ಬಳಸಿಕೊಳ್ಳಬಹುದು. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಗಳಿಸಿದ ಬೋನಸ್ಸೂ ಹೋಗುತ್ತದೆ.

ಮೊದಲ ಕಾರು ಹಳೆಯದಾಗಿದ್ದರೆ

ಹೊಸದಾಗಿ ಕಲಿತವರಿಗೆ ಸೆಕೆಂಡ್ ಹ್ಯಾಂಡ್ ಕಾರು ಕೊಡಿಸುವುದು ವಾಡಿಕೆ. ಆರ್.ಸಿ. ವರ್ಗಾವಣೆಯ ಓಡಾಟದಲ್ಲಿ ವಿಮೆಯನ್ನು ಮರೆಯುವುದೂ ವಾಡಿಕೆ. ಕಾರಿನೊಂದಿಗೆ ಥರ್ಡ್ ಪಾರ್ಟಿ ವಿಮೆ ಕಾನೂನಿನಂತೆ ಕೊಂಡವರಿಗೆ ವರ್ಗವಾದಂತೆ ಭಾವಿಸಲಾಗುತ್ತದೆ. ಸ್ವಂತ ಹಾನಿಯ ಭಾಗ ಹಾಗಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಕೊಂಡ 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಪಾಲಿಸಿಯಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಹಳೆಯ ಮಾಲೀಕರ ಬೋನಸ್ಸಿನ ವ್ಯತ್ಯಾಸದ ಹಣವನ್ನೂ ಕಟ್ಟಬೇಕಾಗುತ್ತದೆ.

ಹೊಚ್ಚ ಹೊಸ ಕಾರಿಗೆ 2018ರ ಸೆಪ್ಟೆಂಬರ್ 1ರಿಂದ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದರೊಂದಿಗೆ ಬರುವ ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. ಮೂರು ವರ್ಷದ ವಿಮೆ ಇದೆಯೆಂಬ ಭ್ರಮೆಯಲ್ಲಿ ಎರಡನೆಯ ವರ್ಷ ಈ ಭಾಗವನ್ನು ನವೀಕರಿಸದೆ ಬಿಟ್ಟವರನ್ನು ನಾನು ಕಂಡಿದ್ದೇನೆ.

ಆರಿಸುವಾಗ ಅನುಸರಿಸಬೇಕಾದ ಕ್ರಮ

1. ಮನೆಯಲ್ಲಿ ಕಾರು ನಡೆಸುವವರೆಲ್ಲರ ಹೆಸರು, ಲೈಸೆನ್ಸ್ ಸಂಖ್ಯೆ ಮತ್ತು ಅದರ ಮುಕ್ತಾಯದ ದಿನಾಂಕವನ್ನು ಒಂದು ಹಾಳೆಯಲ್ಲಿ ಬರೆದಿಡಿ.
2. ಪ್ಯಾಕೇಜ್ ಪಾಲಿಸಿಯನ್ನೇ ಆರಿಸಿ. ಪ್ರಯಾಣಿಕರ ಹೊಣೆ ಸೇರಿದೆಯೇ ಎಂದು ಪಾಲಿಸಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ.
3. ಹೊಸ ಚಾಲಕರಿಗೆ ಪ್ರತ್ಯೇಕ ವೈಯಕ್ತಿಕ ಅಪಘಾತ ವಿಮೆ ಮಾಡಿಸಿ.
4. ಒಂದೇ ಐ.ಡಿ.ವಿ.ಗೆ, ಒಂದೇ ಬಗೆಯ ಹೆಚ್ಚುವರಿ ರಕ್ಷಣೆಗಳಿಗೆ ಕನಿಷ್ಠ ಮೂರು ಕಂಪನಿಗಳ ದರ ಪಡೆದು ಹೋಲಿಸಿ. ನಿಮ್ಮ ಊರಿನಲ್ಲಿ ನಗದುರಹಿತ ಸೇವೆಯ ಗ್ಯಾರೇಜು ಯಾವುದೆಂದು ಕೇಳಿ.
5. ಕಾರು ಕಡಿಮೆ ಓಡುವುದಾದರೆ, ಓಡಿದ ದೂರ ಅಥವಾ ಚಾಲನೆಯ ರೀತಿಗೆ ತಕ್ಕಂತೆ ಕಂತು ನಿಗದಿಪಡಿಸುವ ಯೋಜನೆಗಳನ್ನು ವಿಚಾರಿಸಿ. 2022ರ ಜುಲೈನಲ್ಲಿ ಪ್ರಾಧಿಕಾರ ಇವಕ್ಕೆ ಅನುಮತಿ ನೀಡಿದೆ.
6. ಕಂತು ಸಂದಾಯವಾಗದೆ ಹೊಣೆ ಆರಂಭವಾಗದು. ಚೆಕ್ಕು ಕೊಟ್ಟಿದ್ದರೆ ಅದು ನಗದಾಗಿದೆಯೇ ನೋಡಿ. ಕೊನೆಯ ದಿನದವರೆಗೆ ಕಾಯಬೇಡಿ.
7. ಕ್ಲೇಮಿನ ವಿಷಯದಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸಮಾಧಾನ ದೊರೆಯದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವ್ಯಕ್ತಿಗಳು, ಏಕಮಾಲೀಕತ್ವದ ಹಾಗೂ ಸೂಕ್ಷ್ಮ ಉದ್ದಿಮೆಗಳಿಗೆ ಈ ಸೌಲಭ್ಯವಿದೆ. 2023ರ ನವೆಂಬರಿನಿಂದ ಇದರ ಮಿತಿ 50 ಲಕ್ಷ ರೂ.

ಕೊನೆಯದಾಗಿ, ಈ ಬಾರಿಯ ನವೀಕರಣವನ್ನು ಹೊಸ ಚಾಲಕರಿಂದಲೇ ಮಾಡಿಸಿ. ದರಗಳನ್ನು ತರಿಸಿ ಹೋಲಿಸುವುದು, ಷರತ್ತುಗಳನ್ನು ಓದುವುದು, ಪಾಲಿಸಿಯನ್ನು ಕಾರಿನಲ್ಲಿಯೂ ಕಡತದಲ್ಲಿಯೂ ಇಡುವುದು ಅವರ ಕೆಲಸವಾಗಲಿ. ಕಳೆದ ವರ್ಷ ನನ್ನ ಮಗಳಿಗೆ ಹೀಗೆಯೇ ಹೇಳಿದೆ. ಓದಿ ಮುಗಿಸಿ, “ಅಪ್ಪಾ, ಇದರಲ್ಲಿ ನನ್ನ ಹೆಸರೇ ಎಲ್ಲೂ ಇಲ್ಲವಲ್ಲ?” ಎಂದು ಕೇಳಿದಳು. ಮೂವತ್ತು ವರ್ಷ ವೋಚರುಗಳಿಗೆ ಟಿಕ್ ಹಾಕಿದ ನನಗೆ ಹೊಳೆಯದ ಪ್ರಶ್ನೆ ಅದು. ಮರುದಿನವೇ ಆಕೆಯ ಹೆಸರಿನಲ್ಲಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿದೆವು. ಅನಂತರವೇ ಕೀಲಿ ಕೊಟ್ಟೆ.